ಬೆಲೆ ಕಟ್ಟುವವರ ಪಟ್ಟಿ

ನಮ್ಮ ಬಲ್ಮಠದ ಶಾಖೆಯಲ್ಲಿ
ನನ್ನ ಮೇಜಿನ ಗಾಜಿನಡಿ ಒಂದು ಹಾಳೆ ಉಂಟು:
ಅಡವಿಗೆ ಬಂದ ಮನೆಗಳಿಗೆ ಬೆಲೆ ಕಟ್ಟುವವರ ಹೆಸರು,
ಫೋನ್ ನಂಬರು, ಲೈಸೆನ್ಸಿನ ಅವಧಿ.
ಸರದಿಯ ಪ್ರಕಾರ ಕರೆಯಬೇಕೆಂದು ಸುತ್ತೋಲೆ.
ಸರದಿ ಅಂದರೆ ಎಂತದ್ದೆಂದು
ಹತ್ತೊಂಬತ್ತು ವರ್ಷದಿಂದ ನೋಡುತ್ತಿದ್ದೇನೆ.

ಫೈಲು ಬರುತ್ತದೆ. ಮ್ಯಾನೇಜರು ಮೊದಲು ಕೇಳುವುದು
ಮನೆ ಎಲ್ಲಿ ಅಂತಲ್ಲ,
ಪಾರ್ಟಿಗೆ ಎಷ್ಟು ಬೇಕಂತೆ ಅಂತ.
ಆಮೇಲೆ ಗಾಜಿನ ಮೇಲೆ ಬೆರಳು ಇಳಿಯುತ್ತದೆ,
ಬಂದರಿನಲ್ಲಿ ಕಿವಿರು ಎತ್ತಿ ನೋಡುವ ಗಿರಾಕಿಯ ಹಾಗೆ.
ಇಲ್ಲಿ ಎತ್ತಿ ನೋಡುವುದು ಮೀನಿನದ್ದಲ್ಲ,
ಮೀನು ನೋಡಲು ಹೋಗುವವನದ್ದು.

ಸುಧಾಮ ಆಳ್ವರದ್ದು ಒಳ್ಳೆ ಕೈಗುಣ.
ಅರವತ್ತು ಲಕ್ಷದ ಸಾಲ ಬೇಕೆಂದರೆ
ಎಂಬತ್ತೊಂದರ ಮನೆಯನ್ನು ಸಂಜೆಯೊಳಗೆ ಎಬ್ಬಿಸುತ್ತಾರೆ,
ಸಿಮೆಂಟಿಲ್ಲ, ಹೊಯ್ಗೆಯಿಲ್ಲ.
ಖಲಂದರ್ ಇನ್ನೂ ಹುಡುಗ. ಫೋಟೊ ಚೆಂದ ತೆಗೆಯುತ್ತಾನೆ,
ಹಿತ್ತಿಲ ತೋಡು ಚೌಕಟ್ಟಿಗೆ ಬೀಳದ ಹಾಗೆ.
ಪಾಪ, ಅವನಿಗೂ ಮೂರು ಕಂತು ಬಾಕಿ ಉಂಟು, ನಮ್ಮಲ್ಲೇ.

ಮೂರನೆಯ ಹೆಸರಿನ ಮೇಲೆ ವೈಟ್ನರ್.
ಬೆಳಕಿಗೆ ಹಿಡಿದರೆ ಓದಬಹುದು:
ಸೆವರಿನ್ ಕುಟಿನ್ಹೊ, ಬಿ.ಇ., ವೆಲೆನ್ಸಿಯ.

ಮುರಕಲ್ಲಿನ ಗೋಡೆಗೆ ಬೆರಳ ಗೆಣ್ಣಿನಿಂದ ತಟ್ಟಿ
ಕಿವಿಗೊಟ್ಟು ನಿಲ್ಲುತ್ತಿದ್ದರು,
ಒಳಗಿಂದ ಯಾರೋ ಬಾಗಿಲು ತೆಗೆಯಲಿದ್ದಾರೆ ಎಂಬಂತೆ.
ಬಾವಿಯಲ್ಲಿ ಏಪ್ರಿಲಿಗೆ ನೀರೆಷ್ಟು ಎಂದು
ಯಜಮಾನರನ್ನು ಬಿಟ್ಟು ಪಾತ್ರೆ ತೊಳೆಯುವವಳನ್ನು ಕೇಳುತ್ತಿದ್ದರು.
ಮೂಲಗೇಣಿಯ ಆರು ಸೆಂಟ್ಸಿಗೆ
ಮೂಲಗೇಣಿ ಎಂದೇ ಬರೆಯುತ್ತಿದ್ದರು.

ಜೆಪ್ಪಿನಮೊಗರಿನಲ್ಲಿ ಒಂದು ಹೊಸ ಮನೆ, ಮೇ ತಿಂಗಳು,
ಗೋಡೆಯ ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು.
ಕುಟಿನ್ಹೊ ಕಾಂಪೌಂಡಿನ ಹೊರಬದಿಗೆ ಸುತ್ತಿ ಹೋಗಿ
ಪೊದೆ ಸರಿಸಿ ಒಂದು ಕೆಸರಿನ ಗೆರೆ ಹುಡುಕಿದರು.
ಟೇಪು ಹಿಡಿದರು. ಒಂದು ಅಡಿ ಹತ್ತು ಇಂಚು.
ವರದಿಯಲ್ಲಿ ಒಂದು ಸಾಲು:
ಜುಲೈಯಲ್ಲಿ ನೇತ್ರಾವತಿ ಇಲ್ಲಿವರೆಗೆ ಬರುತ್ತಾಳೆ.
ಒಂಬತ್ತು ಲಕ್ಷ ಕಡಿಮೆ.
ಬಿಲ್ಡರು ಬೇರೆ ಬ್ಯಾಂಕು ಹಿಡಿದ,
ಅವನ ಹಿಂದೆ ನಮ್ಮ ವರ್ಷದ ಟಾರ್ಗೆಟ್ಟೂ ನಡೆಯಿತು.

ವೈಟ್ನರ್ ಹಚ್ಚಿದ್ದು ನಾನು.
ಹಚ್ಚು ಎಂದು ಯಾರೂ ಹೇಳಲಿಲ್ಲ.
"ಜಲಜಾಕ್ಷಿ, ಪಟ್ಟಿ ಸ್ವಲ್ಪ ಹಳತಾಯ್ತಲ್ಲ?"
ಅಷ್ಟೇ.

ಈ ಸೋಮವಾರ ಅವರೇ ಬಂದರು.
ಕೊಡೆಯನ್ನು ಹೊರಗೆ ಒರಗಿಸಿ, ಟೋಕನ್ ತೆಗೆದುಕೊಂಡು,
ಸಂಖ್ಯೆ ಕರೆಯುವವರೆಗೆ ಕೂತರು.
"ತಮ್ಮನ ಪಾಲು ಕೊಟ್ಟು ಮುಗಿಸಬೇಕು. ಇಪ್ಪತ್ತೆಂಟು ಲಕ್ಷ.
ಮನೆ ನೋಡಲಿಕ್ಕೆ ಯಾರನ್ನು ಕಳಿಸ್ತೀರಿ?"

ಆಳ್ವರನ್ನು ಕಳಿಸಿದರೂ ಸಾಲ ಆಗುತ್ತದೆ,
ಖಲಂದರನನ್ನು ಕಳಿಸಿದರೂ ಆಗುತ್ತದೆ.
ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.
ಅವರು ಗಾಜಿನಡಿ ನೋಡಿದರು,
ಬಿಳಿಯ ಕಲೆ ನೋಡಿದರು,
ಕನ್ನಡಕ ಒರೆಸಿಕೊಂಡರು.

ಚೀಲದಿಂದ ಒಂದು ಹಾಳೆ ಬಂತು.
ಹಳೆಯ ನಮೂನೆ, ಅದೇ ದುಂಡು ಅಕ್ಷರ:
ಹೆಂಚು ಬದಲಿಸಿ ಹದಿನೇಳು ವರ್ಷ.
ಅಡುಗೆಮನೆಯ ಪಡು ಗೋಡೆ ಪೊಳ್ಳು.
ಮೆಟ್ಟಿಲು ನಾನೇ ನಿಂತು ಕಟ್ಟಿಸಿದ್ದು, ಎರಡನೆಯದು ಅರ್ಧ ಇಂಚು ತಗ್ಗು.
ದಾರಿಗೆ ಪಕ್ಕದವರ ಬಾಯಿಮಾತು ಮಾತ್ರ.
ಕೆಳಗೆ ಮೊತ್ತ.
ಇಪ್ಪತ್ತೆಂಟು ಹುಟ್ಟದ ಮೊತ್ತ.

"ನನ್ನ ಮನೆಗೆ ನಾನು ಬೆಲೆ ಕಟ್ಟುವ ಹಾಗಿಲ್ಲ, ಗೊತ್ತುಂಟು.
ಬರುವವರ ಕೈಯಲ್ಲಿ ಕೊಡಿ.
ಆ ಗೋಡೆ ಒಮ್ಮೆ ತಟ್ಟಲಿಕ್ಕೆ ಹೇಳಿ."

ಖಲಂದರ್ ಹೋಗಿ ಬಂದ. ಮೂವತ್ತೆಂಟು ಲಕ್ಷ.
ಮಂಜೂರು. ಮ್ಯಾನೇಜರು ಚಹಾ ಕುಡಿಯುತ್ತಲೇ ಸಹಿ ಮಾಡಿದರು.
ಫೈಲು ಹೊಲಿಯುವಾಗ ನೋಡಿದೆ:
ಆರನೆಯ ಫೋಟೊ, ಅಡುಗೆಮನೆ,
ಅಂಚಿನಲ್ಲಿ ಒಂದು ಮುದಿ ಕೈ,
ಮಡಚಿದ ಗೆಣ್ಣು ಗೋಡೆಯಿಂದ ಒಂದಿಂಚು ದೂರ.
ಹುಡುಗನಿಗೆ ಅದನ್ನು ಕತ್ತರಿಸಲಿಕ್ಕೆ ಮರೆತಿತ್ತೋ,
ಮನಸ್ಸಾಗಲಿಲ್ಲವೋ.